ಸಂಜೆ ಆರರಿಂದ ಒಂಬತ್ತು

ಕುಡಿತ ಬಿಡುತ್ತೇನೆಂದು ನನ್ನಿಂದ ಆಣೆ ಹಾಕಿಸಿಕೊಳ್ಳದ ದೇವರು ನಮ್ಮ ಸೀಮೆಯಲ್ಲಿ ಹೆಚ್ಚು ಉಳಿದಿರಲಿಲ್ಲ. ಅಮ್ಮ ಮನೆದೇವರ ಮುಂದೆ ಉರಿಯುವ ಕರ್ಪೂರ ಆರಿಸಿ ಹಾಕಿಸಿದಳು. ಮಾವನವರು ಸಿಗಂದೂರಿಗೆ ಕರೆದುಕೊಂಡು ಹೋಗಿ ಹಾಕಿಸಿದರು. ಹೆಂಡತಿ ಮಗಳ ನೆತ್ತಿಯ ಮೇಲೆ ಕೈ ಇಡಿಸಿ ಹಾಕಿಸಿದಳು. ಹಾಕುವಾಗ ಅವುಗಳಲ್ಲಿ ಒಂದೂ ಸುಳ್ಳಾಗಿರಲಿಲ್ಲ. ಆದರೆ ಮರುದಿನ ಬೆಳಿಗ್ಗೆ ಎರಡೂ ಕೈ ನಡುಗಲು ಶುರುವಾದಾಗ ಆ ಆಣೆಯನ್ನು ಯಾವ ಕೈಯಲ್ಲಿ ಹಿಡಿದುಕೊಳ್ಳಬೇಕು ಎಂಬುದನ್ನು ಮಾತ್ರ ಯಾರೂ ಹೇಳಿಕೊಡಲಿಲ್ಲ.

ಕುಡಿತ ಬಿಟ್ಟವರು ವೇದಿಕೆಯ ಮೇಲೆ ಹೇಳುವುದನ್ನು ಸಾಕಷ್ಟು ಕೇಳಿದ್ದೇನೆ. ಹೆಚ್ಚಿನವರ ಮಾತಿನಲ್ಲಿ ಒಂದು ದಿನ ಮನಸ್ಸು ಬದಲಾಗುತ್ತದೆ, ಅಲ್ಲಿಗೆ ಕಥೆ ಮುಗಿಯುತ್ತದೆ. ನನ್ನ ಮನಸ್ಸು ಎಷ್ಟೋ ಸಲ ಬದಲಾಗಿತ್ತು. ಬದಲಾಗದೆ ಉಳಿದದ್ದು ಸಣ್ಣ ಸಂಗತಿಗಳು: ಅಂಗಡಿಯ ಬಾಗಿಲೆಳೆದ ಮೇಲೆ ಕಾಲು ಯಾವ ಕಡೆ ತಿರುಗುತ್ತದೆ, ಗಲ್ಲಾದ ಹಣ ಯಾರ ಜೇಬಿಗೆ ಸೇರುತ್ತದೆ, ಹೊಟ್ಟೆ ಹಸಿದಾಗ ಕೈಗೆ ಏನು ಸಿಗುತ್ತದೆ. ಅವನ್ನು ಬದಲಿಸಿದ ಬಗೆಯನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಾನು ತರೀಕೆರೆಯಲ್ಲಿ ಗಂಡಸರ ಬಟ್ಟೆ ಹೊಲಿಯುವ ಟೈಲರ್. ಅಂಗಡಿ ಅಪ್ಪನ ಕಾಲದ್ದು. ಮದುವೆಯ ಕಾಲದಲ್ಲಿ ಸೂಟು, ಮೇ ಜೂನ್‌ನಲ್ಲಿ ಶಾಲೆಯ ಸಮವಸ್ತ್ರ, ಉಳಿದ ದಿನ ಪ್ಯಾಂಟು ಗಿಡ್ಡ ಮಾಡುವುದು, ಜಿಪ್ ಬದಲಿಸುವುದು. ಕುಡಿತ ಮೊದಲು ಸಂಜೆಯದಾಗಿತ್ತು. ಒಂದು ಕ್ವಾರ್ಟರ್, ಅಂದರೆ 180 ಎಂಎಲ್, ಜತೆಗೆ ಕಡಲೆಬೀಜ. ಅದು ಎರಡಾದದ್ದು ಯಾವಾಗ ಎಂಬುದು ನನಗೆ ನೆನಪಿಲ್ಲ. ಬೆಳಗಿನ ತೊಂಬತ್ತು ಶುರುವಾದದ್ದು ಮಾತ್ರ ಚೆನ್ನಾಗಿ ನೆನಪಿದೆ, ಏಕೆಂದರೆ ಅದು ಸೂಜಿಯಿಂದ ಶುರುವಾಯಿತು.

ಒಂದು ಬೆಳಿಗ್ಗೆ ಕೋಟಿನ ಕಾಜ ಕಟ್ಟಲು ಕುಳಿತಿದ್ದೆ. ಒಳ್ಳೆಯ ಕೋಟಿನ ಕಾಜವನ್ನು ಕೈಯಲ್ಲೇ ಕಟ್ಟಬೇಕು. ದಾರದ ತುದಿಯನ್ನು ನಾಲಿಗೆಗೆ ತಾಗಿಸಿ ಮೊನಚು ಮಾಡಿ ಸೂಜಿಯ ಕಣ್ಣಿನ ಬಳಿ ತಂದರೆ ದಾರ ಎಡಕ್ಕೆ ಹೋದಾಗ ಸೂಜಿ ಬಲಕ್ಕೆ ಹೋಗುತ್ತಿತ್ತು. ಮೊಣಕೈ ಎರಡನ್ನೂ ಮೇಜಿಗೆ ಊರಿ ಪ್ರಯತ್ನಿಸಿದೆ, ಉಸಿರು ಬಿಗಿಹಿಡಿದೆ. ಆಗಲಿಲ್ಲ. ಕಾಜ ಗುಂಡಿ ಕೆಲಸಕ್ಕೆ ಬರುತ್ತಿದ್ದ ಹುಡುಗ ನನ್ನ ಮುಖ ನೋಡದೆ ಸೂಜಿ ತೆಗೆದುಕೊಂಡು ದಾರ ಪೋಣಿಸಿ ಕೊಟ್ಟ. ಆದರೆ ಪೋಣಿಸಿದ ಸೂಜಿಯನ್ನೂ ಬಟ್ಟೆಗೆ ಚುಚ್ಚಲಾಗಲಿಲ್ಲ. ಮೂತ್ರಕ್ಕೆಂದು ಹೊರಟು, ವೈನ್ ಶಾಪಿನಲ್ಲಿ ತೊಂಬತ್ತರ ಟೆಟ್ರಾ ಪ್ಯಾಕ್ ಕೊಂಡು, ಮೂಲೆ ಕತ್ತರಿಸಿ ನಿಂತಲ್ಲೇ ಕುಡಿದೆ. ಕಾಲು ಗಂಟೆಯಲ್ಲಿ ಕೈ ಕಲ್ಲಿನಂತೆ ನಿಂತಿತು. ಆ ದಿನ ಕಟ್ಟಿದ ಕಾಜಗಳು ಚೆನ್ನಾಗಿಯೇ ಇದ್ದವು. ಗಿರಾಕಿ ಹೊಗಳಿದ. ಅಂದಿನಿಂದ ಮದ್ಯ ನನ್ನ ಪಾಲಿಗೆ ಕೆಲಸದ ಸಾಮಾನಾಯಿತು, ಕತ್ತರಿ ಟೇಪಿನ ಸಾಲಿನಲ್ಲಿ ಬಂದು ಕುಳಿತಿತು.

ಬಿಡಿಸುವ ಪ್ರಯತ್ನಗಳೂ ನಡೆದಿದ್ದವು. ಬಸ್ ನಿಲ್ದಾಣಗಳ ಗೋಡೆಗಳಲ್ಲಿ ‘ರೋಗಿಗೆ ತಿಳಿಯದಂತೆ ಕುಡಿತ ಬಿಡಿಸಲಾಗುವುದು’ ಎಂಬ ಚೀಟಿಗಳನ್ನು ನೀವೂ ನೋಡಿರುತ್ತೀರಿ. ಅಕ್ಕ ಅಂಥ ಒಂದು ಪುಡಿ ತರಿಸಿ ಸಾರಿನಲ್ಲಿ ಬೆರೆಸಿ ಬಡಿಸಿದಳು. ಆ ರಾತ್ರಿ ಎದೆ ಹೊಡೆದುಕೊಂಡ ಪರಿಗೆ ಸತ್ತೇ ಹೋಗುತ್ತೇನೆ ಅನ್ನಿಸಿತ್ತು. ಪುಡಿಯಲ್ಲಿ ಏನಿತ್ತೋ ದೇವರೇ ಬಲ್ಲ. ಕುಡಿದವನಿಗೆ ವಾಂತಿ ಬರಿಸುವ ಮಾತ್ರೆಯನ್ನು ಹೀಗೆ ಅವನಿಗೆ ಗೊತ್ತಿಲ್ಲದೆ ಕೊಟ್ಟರೆ ರಕ್ತದೊತ್ತಡ ಕುಸಿದು ಪ್ರಾಣವೇ ಹೋಗಬಹುದು ಎಂದು ಮುಂದೆ ವೈದ್ಯರು ಹೇಳಿದಾಗ ಅಕ್ಕ ಅಲ್ಲೇ ಕುಳಿತು ಅತ್ತಳು. ಪಾಪ, ಅವಳ ಪ್ರೀತಿಗೆ ಕೊರತೆಯಿರಲಿಲ್ಲ.

2020ರ ಮಾರ್ಚ್ ಕೊನೆಗೆ ಲಾಕ್‌ಡೌನ್ ಬಂತು. ಮದ್ಯದಂಗಡಿಗಳೂ ಮುಚ್ಚಿದವು. ಕೂಡಿಟ್ಟದ್ದು, ಮೂರು ಪಟ್ಟು ಬೆಲೆ ಕೊಟ್ಟು ಕದ್ದು ತಂದದ್ದು ಎಲ್ಲ ಸೇರಿ ನನಗೆ ಏಪ್ರಿಲ್ ಮೊದಲ ವಾರದವರೆಗೆ ಬಂತು. ಆಮೇಲೆ ಒಂದು ತೊಟ್ಟೂ ಇರಲಿಲ್ಲ. ‘ಒಳ್ಳೆಯದೇ ಆಯಿತು, ಹೀಗಾದರೂ ಬಿಟ್ಟುಹೋಗಲಿ’ ಎಂದು ಮನೆಯಲ್ಲಿ ಎಲ್ಲರೂ ಅಂದುಕೊಂಡರು. ನಾನೂ ಹಾಗೆಯೇ ಅಂದುಕೊಂಡೆ. ಮೊದಲ ದಿನ ಬೆವರು, ನಡುಕ, ಓಕರಿಕೆ. ಎರಡನೆಯ ದಿನ ನಿದ್ರೆ ಒಂದು ನಿಮಿಷವೂ ಇಲ್ಲ. ಮೂರನೆಯ ರಾತ್ರಿ ಗೋಡೆಯ ಮೇಲೆ ಗುಂಡುಸೂಜಿಗಳು ಹರಿದಾಡಲು ಶುರುವಾದವು. ಸಾಲುಗಟ್ಟಿ ಬರುತ್ತಿದ್ದವು, ಒಂದೊಂದರ ತಲೆಯ ಬಣ್ಣವೂ ಬೇರೆ. ನಾನು ಅವುಗಳನ್ನು ಹೆಕ್ಕಿ ಹೆಕ್ಕಿ ಡಬ್ಬಿಗೆ ಹಾಕುತ್ತಿದ್ದೆನಂತೆ. ನನ್ನ ಮಟ್ಟಿಗೆ ಅದು ಸುಳ್ಳಾಗಿರಲಿಲ್ಲ, ಬೆರಳಿಗೆ ಚುಚ್ಚುತ್ತಲೂ ಇದ್ದವು. ದೊಡ್ಡಮ್ಮ ಗಾಳಿ ಸೋಕಿದೆ ಎಂದು ಪೊರಕೆ ಸುಡಲು ಹೊರಟರು. ಹೆಂಡತಿ 108ಕ್ಕೆ ಫೋನ್ ಮಾಡಿದಳು. ನಾನು ಇವತ್ತು ಇದನ್ನು ಬರೆಯುತ್ತಿರುವುದು ಅವಳು ಪೊರಕೆಗಿಂತ ಫೋನನ್ನು ನಂಬಿದ್ದರಿಂದ.

ತಾಲ್ಲೂಕು ಆಸ್ಪತ್ರೆಯ ಡ್ಯೂಟಿ ವೈದ್ಯರು ತುಂಬ ಚಿಕ್ಕ ವಯಸ್ಸಿನವರು. ನನ್ನನ್ನು ನೋಡಿ ಹೆಂಡತಿಯನ್ನು ಕೇಳಿದ್ದು ಒಂದೇ ಪ್ರಶ್ನೆ.

“ಕೊನೆಯ ಸಲ ಕುಡಿದದ್ದು ಯಾವಾಗ?”

“ಕುಡಿದಿಲ್ಲ ಡಾಕ್ಟರೇ, ಬಿಟ್ಟು ಮೂರು ದಿನವಾಯಿತು.”

“ಅದಕ್ಕೇ ಹೀಗಾಗಿರುವುದು” ಎಂದರು.

ಕುಡಿದರೆ ಕೆಡುತ್ತದೆ ಎಂಬುದು ಎಲ್ಲರಿಗೂ ಗೊತ್ತು. ದಿನವೂ ಬಹಳ ಕುಡಿಯುವವನು ಏಕಾಏಕಿ ಬಿಟ್ಟರೆ ಸಾಯಬಹುದು ಎಂಬುದು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮುಂದೆ ಶಿವಮೊಗ್ಗದಲ್ಲಿ ಮನೋವೈದ್ಯರು ಬಿಡಿಸಿ ಹೇಳಿದರು. ಮದ್ಯ ಮಿದುಳಿಗೆ ಬ್ರೇಕ್ ಒತ್ತುತ್ತದೆ. ವರ್ಷಗಟ್ಟಲೆ ಒತ್ತಿದ ಬ್ರೇಕಿಗೆ ಎದುರಾಗಿ ಮಿದುಳು ಆಕ್ಸಿಲರೇಟರನ್ನು ಒತ್ತುತ್ತಲೇ ಬಂದಿರುತ್ತದೆ. ಒಂದು ದಿನ ಬ್ರೇಕಿನಿಂದ ಕಾಲು ತೆಗೆದುಬಿಟ್ಟರೆ ಗಾಡಿ ನುಗ್ಗುತ್ತದೆ. ಮೊದಲ ಎರಡು ದಿನಗಳಲ್ಲಿ ಕೆಲವರಿಗೆ ಫಿಟ್ಸ್ ಬರುತ್ತದೆ. ಎರಡರಿಂದ ನಾಲ್ಕನೆಯ ದಿನದೊಳಗೆ ಕೆಲವರಿಗೆ ನನ್ನಂತೆ ಸನ್ನಿ ಹಿಡಿಯುತ್ತದೆ, ಅದರ ಹೆಸರು ಡೆಲಿರಿಯಮ್ ಟ್ರೆಮೆನ್ಸ್. ಹಾಗಾಗಿ ಮನೆಯಲ್ಲಿ ಕೂಡಿಹಾಕಿ, ಕೋಣೆಗೆ ಬೀಗ ಜಡಿದು ಕುಡಿತ ಬಿಡಿಸುತ್ತೇವೆ ಎನ್ನುವವರನ್ನು ಕಂಡರೆ ನನಗೆ ಈಗಲೂ ಸಿಟ್ಟು ಬರುತ್ತದೆ.

ಆಸ್ಪತ್ರೆಯ ಮೊದಲ ದಿನಗಳು ನನಗೆ ನೆನಪಿಲ್ಲ, ಹೆಂಡತಿ ಹೇಳಿದ್ದಷ್ಟೇ ಗೊತ್ತು. ಗ್ಲೂಕೋಸ್ ಬಾಟಲಿ ಏರಿಸುವ ಮೊದಲೇ ಒಂದು ಚುಚ್ಚುಮದ್ದು ಕೊಟ್ಟರಂತೆ. ಅದು ಥಯಾಮಿನ್, ಅಂದರೆ ಬಿ1 ಜೀವಸತ್ವ. ಕುಡುಕರ ಮೈಯಲ್ಲಿ ಅದು ಬರಿದಾಗಿರುತ್ತದೆ. ಅದಿಲ್ಲದೆ ಗ್ಲೂಕೋಸ್ ಕೊಟ್ಟರೆ ಉಳಿದಿದ್ದ ಚೂರೂ ಖರ್ಚಾಗಿ ಮಿದುಳಿಗೆ ಶಾಶ್ವತ ಪೆಟ್ಟು ಬೀಳಬಹುದಂತೆ. ನಡುಕಕ್ಕೆ ಕೊಟ್ಟ ಮಾತ್ರೆಗಳನ್ನು ದಿನದಿಂದ ದಿನಕ್ಕೆ ಇಳಿಸುತ್ತ ಹತ್ತು ದಿನದೊಳಗೆ ನಿಲ್ಲಿಸಿದರು. “ಇದೂ ಚಟ ಹಿಡಿಸುವ ಮಾತ್ರೆಯೇ, ಮನೆಗೆ ಹೋದ ಮೇಲೆ ಮೆಡಿಕಲ್ ಶಾಪಿನಲ್ಲಿ ಕೇಳಬೇಡಿ” ಎಂದು ವೈದ್ಯರು ಎಚ್ಚರಿಸಿದರು.

ಆ ಮನೋವೈದ್ಯರ ಮಾತಿನ ರೀತಿ ನನಗೆ ಹಿಡಿಸಿತು. ಉಪದೇಶ ಮಾಡಲಿಲ್ಲ, ಹೆಂಡತಿ ಮಕ್ಕಳ ಮುಖ ನೋಡು ಅನ್ನಲಿಲ್ಲ. ನಾನು ಅವರನ್ನು ಕೇಳಿದ್ದು “ಕೈ ಯಾವಾಗ ನಿಲ್ಲುತ್ತದೆ?” ಎಂದು. “ಎರಡು ವಾರ. ಆದರೆ ನಿದ್ರೆ ಸರಿಯಾಗಲು ತಿಂಗಳುಗಳು ಬೇಕು. ಆ ತಿಂಗಳುಗಳಲ್ಲೇ ಜನ ಮತ್ತೆ ಕುಡಿಯುವುದು” ಎಂದರು. ಎರಡೂ ಮಾತು ಅಕ್ಷರಶಃ ನಿಜವಾದವು.

ಔಷಧಿಯ ಬಗ್ಗೆಯೂ ಅವರು ಸರಿಯಾಗಿ ಮಾತಾಡಿದರು. ಡೈಸಲ್ಫಿರಮ್ ಎಂಬ ಮಾತ್ರೆಯಿದೆ. ಅದನ್ನು ನುಂಗುತ್ತಿರುವಾಗ ಕುಡಿದರೆ ಮದ್ಯ ಮೈಯಲ್ಲಿ ಅರ್ಧಕ್ಕೆ ಕರಗಿ ವಿಷವಾಗಿ ನಿಲ್ಲುತ್ತದೆ. ಮುಖ ಕೆಂಪೇರಿ, ಎದೆ ಹೊಡೆದುಕೊಂಡು, ವಾಂತಿಯಾಗುತ್ತದೆ. ನಿಲ್ಲಿಸಿದ ಮೇಲೂ ಎರಡು ವಾರದವರೆಗೆ ಅದರ ಪ್ರಭಾವವಿರುತ್ತದೆ. ಹಾಗಾಗಿ ಗೊತ್ತಿದ್ದು, ಒಪ್ಪಿಕೊಂಡು ನುಂಗುವವರಿಗೆ ಮಾತ್ರ ಕೊಡುತ್ತಾರೆ. ನನ್ನ ಲಿವರ್ ಪರೀಕ್ಷೆಯ ಅಂಕಿಗಳು ಮೇಲಿದ್ದುದರಿಂದ ನನಗೆ ಅದನ್ನು ಕೊಡಲಿಲ್ಲ. ಬದಲಿಗೆ ಅಕ್ಯಾಂಪ್ರೊಸೇಟ್ ಕೊಟ್ಟರು, ಅದು ಲಿವರಿಗೆ ಭಾರವಲ್ಲ, ಮೂತ್ರಪಿಂಡದ ಮೂಲಕ ಹೊರಹೋಗುತ್ತದೆ. ಹೊತ್ತಿಗೆ ಎರಡರಂತೆ ದಿನಕ್ಕೆ ಆರು ಮಾತ್ರೆ. ಕುಡಿದರೆ ಏನೂ ಆಗುವುದಿಲ್ಲ, ಕುಡಿಯಬೇಕೆಂಬ ಎಳೆತ ಮಾತ್ರ ಸ್ವಲ್ಪ ತಗ್ಗುತ್ತದೆ. ಸ್ವಲ್ಪವೇ. ಮಾತ್ರೆಯೇ ಎಲ್ಲ ಮಾಡುತ್ತದೆ ಎಂದು ನಂಬಿದವರು ಬೇಗ ನಿರಾಶರಾಗುತ್ತಾರೆ.

ಮನೆಗೆ ಬಂದು ಕೆಲವು ವಾರಗಳಾಗಿದ್ದವು. 2020ರ ಮೇ 4ರಂದು ಮದ್ಯದಂಗಡಿಗಳು ತೆರೆದವು. ಮೊದಲ ದಿನವೇ ರಾಜ್ಯದಲ್ಲಿ ಸುಮಾರು 45 ಕೋಟಿ ರೂಪಾಯಿಯ ಮದ್ಯ ಮಾರಾಟವಾಯಿತೆಂದು ಪತ್ರಿಕೆಗಳಲ್ಲಿ ಬಂದಿತ್ತು. ಆ ಸಾಲು ನಮ್ಮ ಅಂಗಡಿಯ ಮುಂದೆಯೇ ಹಾದುಹೋಗಿತ್ತು. ಬಟ್ಟೆ ಹೊಲಿಸುವವರಿಲ್ಲದೆ ಆಗ ನಾನು ಅಸ್ತರಿನ ಚೂರುಗಳಿಂದ ಮಾಸ್ಕ್ ಹೊಲಿಯುತ್ತಿದ್ದೆ. ಮಾಸ್ಕ್ ಇಲ್ಲದವರಿಗೆ ಮದ್ಯ ಕೊಡುವುದಿಲ್ಲವೆಂದು ಪೊಲೀಸರು ಹೇಳಿದ್ದೇ ತಡ, ಸಾಲಿನಲ್ಲಿದ್ದವರೆಲ್ಲ ನನ್ನ ಕಿಟಕಿಗೆ ಕೈ ಚಾಚಿದರು. ಕಟ್ಟಿಟ್ಟಿದ್ದ ಮಾಸ್ಕುಗಳೆಲ್ಲ ಮಧ್ಯಾಹ್ನದೊಳಗೆ ಖಾಲಿ. ಹಳೆಯ ಗೆಳೆಯನೊಬ್ಬ “ಟೈಲರಣ್ಣ, ನೀನು ಸಾಲಿಗೆ ಬರುವುದಿಲ್ಲವೇ?” ಎಂದು ಕೇಳಿದಾಗ ಬಾಬಿನ್ ತುಂಬುತ್ತಿದ್ದ ನನಗೆ ಉತ್ತರ ಕೊಡಲು ಪುರಸೊತ್ತಿರಲಿಲ್ಲ. ಅದನ್ನು ದೊಡ್ಡ ಜಯವೆಂದು ಹೇಳಿಕೊಳ್ಳುವುದಿಲ್ಲ. ಕೈತುಂಬ ಕೆಲಸವಿತ್ತು, ಅಷ್ಟೇ. ಆದರೆ ಇದರಲ್ಲಿ ಏನೋ ಇದೆ ಎಂದು ಆ ದಿನವೇ ಅನ್ನಿಸಿತು.

ನಿಜವಾದ ತೊಂದರೆ ಸಂಜೆಯದು. ಆರರಿಂದ ಒಂಬತ್ತು. ಹಗಲೆಲ್ಲ ನೆನಪೇ ಆಗದ ಮದ್ಯ ದೀಪ ಹಚ್ಚುವ ಹೊತ್ತಿಗೆ ಬಾಯಲ್ಲಿ ನೀರೂರಿಸುತ್ತಿತ್ತು. ಕೈಯಲ್ಲಿದ್ದ ಬಟ್ಟೆ ಬೇಡವಾಗುತ್ತಿತ್ತು, ಮಗಳು ಮಾತಾಡಿದರೂ ರೇಗುತ್ತಿತ್ತು. ಈ ಎಳೆತ ಏರಿದಂತೆಯೇ ಇಳಿಯುತ್ತದೆ, ಸಾಮಾನ್ಯವಾಗಿ ಅರ್ಧ ಗಂಟೆಗಿಂತ ಹೆಚ್ಚು ನಿಲ್ಲುವುದಿಲ್ಲ ಎಂದು ವೈದ್ಯರು ಹೇಳಿದ್ದರು. ಹಸಿವು, ಸಿಟ್ಟು, ಒಂಟಿತನ, ದಣಿವು ಈ ನಾಲ್ಕರಲ್ಲಿ ಯಾವುದು ಇದೆ ಎಂದು ಮೊದಲು ನೋಡಿಕೊಳ್ಳಿ ಎಂದಿದ್ದರು. ನನ್ನದು ಹೆಚ್ಚಿನ ದಿನ ಹಸಿವೇ ಆಗಿತ್ತು! ಕುಡಿಯುವ ಕಾಲದಲ್ಲಿ ಮಧ್ಯಾಹ್ನ ಅರೆಬರೆ ಉಂಡು ಸಂಜೆ ಹೊಟ್ಟೆ ಖಾಲಿ ಇಟ್ಟುಕೊಳ್ಳುವುದೇ ರೂಢಿಯಾಗಿತ್ತು. ಐದೂವರೆಗೆ ಮನೆಯಿಂದ ಉಪ್ಪಿಟ್ಟೋ ಅವಲಕ್ಕಿಯೋ ಬರಲು ಶುರುವಾಯಿತು. ಮೇಲೆ ಎರಡು ಬಾಳೆಹಣ್ಣು, ಒಂದು ಅಚ್ಚು ಬೆಲ್ಲ. ಬೆಲ್ಲದ ಆಸೆ ಆ ದಿನಗಳಲ್ಲಿ ಎಷ್ಟಿತ್ತೆಂದರೆ ಅಂಗಡಿಯ ಡ್ರಾಯರಿನಲ್ಲಿ ಗುಂಡಿಗಳ ನಡುವೆ ಬೆಲ್ಲದ ಉಂಡೆಗಳಿರುತ್ತಿದ್ದವು. ತೂಕ ಏರಿತು, ಸಕ್ಕರೆ ಕಾಯಿಲೆ ಬಂದೀತೆಂದು ಅಕ್ಕ ಹೆದರಿದಳು. ಬಂದಿಲ್ಲ.

ದಾರಿಯನ್ನೂ ಬದಲಿಸಿದೆ. ಬಿ.ಹೆಚ್. ರಸ್ತೆಯಲ್ಲಿ ನೆಟ್ಟಗೆ ಹೋದರೆ ಮನೆ ಹತ್ತಿರ, ಆದರೆ ನನ್ನ ಬಾರ್ ಅದೇ ದಾರಿಯಲ್ಲಿದೆ. ಈಗ ಸುತ್ತುಬಳಸಿ ಹಿಂದಿನ ಬೀದಿಯಿಂದ ಹೋಗುತ್ತೇನೆ. ಇಷ್ಟು ವರ್ಷಗಳಾದ ಮೇಲೂ ಹಾಗೆಯೇ. ಇನ್ನೂ ಹೆದರಿಕೆಯೇ ಎಂದು ಭಾವ ನಗುತ್ತಾನೆ. ಹೆದರಿಕೆಯೇನೂ ಅಲ್ಲ, ದಾರಿ ರೂಢಿಯಾಗಿದೆ. ಕುಡಿತವೂ ಹಾಗೆಯೇ ರೂಢಿಯಾಗಿತ್ತಲ್ಲ.

ಹಣದ ವಿಷಯದಲ್ಲಿ ಉಪಾಯ ಮಗಳದು. ಟೈಲರಿಗೆ ತಿಂಗಳ ಸಂಬಳವಿಲ್ಲ, ದಿನದ ಹಣ ದಿನಕ್ಕೆ ಕೈಗೆ ಬರುತ್ತದೆ. ಜೇಬಿನಲ್ಲಿ ಇನ್ನೂರು ರೂಪಾಯಿ ಇದ್ದರೆ ಕಾಲಿಗೆ ತಾನಾಗಿಯೇ ದಿಕ್ಕು ತಿಳಿಯುತ್ತದೆ. ಅಂಗಡಿಯ ಕ್ಯೂಆರ್ ಕೋಡನ್ನು ಮಗಳು ಅವಳ ಅಮ್ಮನ ಬ್ಯಾಂಕ್ ಖಾತೆಗೆ ಜೋಡಿಸಿದಳು. ಗಿರಾಕಿ ಸ್ಕ್ಯಾನ್ ಮಾಡಿದೊಡನೆ ಅಂಗಡಿಯ ಪುಟ್ಟ ಪೆಟ್ಟಿಗೆ ಮೊತ್ತವನ್ನು ಕೂಗಿ ಹೇಳುತ್ತದೆ, ಮನೆಯಲ್ಲಿ ಹೆಂಡತಿಯ ಮೊಬೈಲ್ ಗುಂಯ್ ಅನ್ನುತ್ತದೆ. ನಗದು ಕೊಡುವವರಿದ್ದರು, ಆ ಹಣ ರಾತ್ರಿ ಬಿಲ್ ಪುಸ್ತಕದ ಜತೆ ಅವಳ ಕೈಗೆ ಹೋಗುತ್ತಿತ್ತು. ಮೊದಮೊದಲು ಅವಮಾನವೆನಿಸಿ ಒಳಗೊಳಗೇ ಕುದಿಯುತ್ತಿದ್ದೆ. ದಾರ, ಗುಂಡಿ, ಅಸ್ತರು ತರಲು ಅವಳನ್ನೇ ಕೇಳಬೇಕಿತ್ತು. ಆದರೆ ಒಂದು ವಿಚಿತ್ರವನ್ನು ಗಮನಿಸಿದೆ: ಹಣವಿಲ್ಲದ ಸಂಜೆ ಎಳೆತವೂ ಕಡಿಮೆ. ಸಿಗಲಾರದ್ದನ್ನು ಮನಸ್ಸು ಅಷ್ಟಾಗಿ ಬೇಡುವುದಿಲ್ಲ. ‘ಮನಸ್ಸು ಗಟ್ಟಿ ಮಾಡಿಕೋ’ ಎಂದು ಇಪ್ಪತ್ತು ವರ್ಷ ಕೇಳಿದ್ದೇನೆ. ಖಾಲಿ ಜೇಬು ಮಾಡಿದಷ್ಟು ಕೆಲಸವನ್ನು ಆ ಮಾತು ಎಂದೂ ಮಾಡಲಿಲ್ಲ.

ನಿದ್ರೆಯ ವಿಷಯ ಯಾರೂ ಹೆಚ್ಚು ಹೇಳುವುದಿಲ್ಲ. ಮೂರು ಗಂಟೆಗೆ ಎಚ್ಚರವಾದರೆ ಮುಗಿಯಿತು, ಮತ್ತೆ ರೆಪ್ಪೆ ಅಂಟುವುದಿಲ್ಲ. ಹಳೆಯದೆಲ್ಲ ಆಗಲೇ ಸಾಲಾಗಿ ಬಂದು ನಿಲ್ಲುವುದು. ಮಲಗಿ ಹೊರಳಾಡುವುದಕ್ಕಿಂತ ಎದ್ದು ಕೂರುವುದೇ ವಾಸಿ ಎಂದು ಮನೆಯಲ್ಲೇ ಹಳೆಯ ಯಂತ್ರ ಹಾಕಿಕೊಂಡೆ. ಅಲ್ಲಿ ಇನ್ನೊಂದು ಸಂಗತಿ ಗೊತ್ತಾಯಿತು. ಪಾದಗಳಿಗೆ ಪೆಡಲ್ ತಿಳಿಯುತ್ತಿರಲಿಲ್ಲ. ಕಾಲ ಕೆಳಗೆ ಹತ್ತಿ ಹಾಸಿದಂತೆ ಜೋಮು. ಮೋಟರಿನ ಯಂತ್ರದಲ್ಲಿ ಇಷ್ಟು ದಿನ ಅದು ಗೊತ್ತೇ ಆಗಿರಲಿಲ್ಲ. ಕುಡಿತ ನರಗಳ ತುದಿಯನ್ನು ಹಾಳುಮಾಡಿದೆ ಎಂದು ವೈದ್ಯರು ವಿಟಮಿನ್ ಮಾತ್ರೆ ಬರೆದುಕೊಟ್ಟರು. ವರ್ಷ ಕಳೆದ ಮೇಲೆ ಬಲಗಾಲು ಬಹಳಷ್ಟು ಸರಿಹೋಯಿತು. ಎಡಗಾಲಿನ ಎರಡು ಬೆರಳು ಇಂದಿಗೂ ಬಂದಿಲ್ಲ. ಎಲ್ಲವೂ ಮೊದಲಿನಂತಾಗುತ್ತದೆ ಎಂದು ಯಾರಿಗೂ ನಾನು ಹೇಳುವುದಿಲ್ಲ.

ನಡುವೆ ಒಂದು ಗೃಹಪ್ರವೇಶದ ರಾತ್ರಿ ಒಂದು ಪೆಗ್ ಕುಡಿದೆ. ಎರಡು ವಾರದೊಳಗೆ ಹಳೆಯ ಅಳತೆಗೇ ಮರಳಿದ್ದೆ. ಇದರ ಬಗ್ಗೆ ದೀರ್ಘವಾಗಿ ಬರೆಯಲು ಏನೂ ಇಲ್ಲ, ಬಿಟ್ಟವರಲ್ಲಿ ಬಹಳ ಜನರಿಗೆ ಹೀಗಾಗುತ್ತದೆ. ಹೆಂಡತಿ ಈ ಸಲ ಆಣೆ ಹಾಕಿಸಲಿಲ್ಲ. “ರೀ, ಮಂಗಳವಾರ ಆಸ್ಪತ್ರೆಗೆ ಹೋಗೋಣ” ಎಂದಳು. ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರಗಳಂದು ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೇ ಬರುತ್ತಾರೆ. ಶಿವಮೊಗ್ಗಕ್ಕೆ ಹೋಗಿಬರುವ ಒಂದು ದಿನದ ದುಡಿಮೆ ಉಳಿಯುತ್ತದೆ. ಹೊರರೋಗಿ ಚೀಟಿ ಮಾಡಿಸಿ ಬೆಂಚಿನ ಮೇಲೆ ಕುಳಿತಾಗ ಪಕ್ಕದಲ್ಲಿ ನಮ್ಮ ಊರಿನವರೇ ನಾಲ್ಕು ಜನ ಇದ್ದರು, ಒಬ್ಬರು ನನ್ನ ಗಿರಾಕಿ. ಇಬ್ಬರೂ ಪ್ಯಾಂಟಿನ ಬಟ್ಟೆಯ ಬೆಲೆಯ ಬಗ್ಗೆ ಮಾತಾಡಿಕೊಂಡೆವು.

ಶಿಬಿರದ ಸುದ್ದಿ ಬಂದದ್ದು ಹೆಂಡತಿಯ ಸ್ವಸಹಾಯ ಸಂಘದ ಮೂಲಕ. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯವರು ಊರಿನವರ ಸಮಿತಿ ಕಟ್ಟಿಕೊಂಡು ನಡೆಸುವ ಎಂಟು ದಿನದ ಮದ್ಯವರ್ಜನ ಶಿಬಿರ. ಕೋವಿಡ್ ಸಡಿಲವಾದ ಮೇಲೆ ಪಕ್ಕದ ಊರಿನ ಸಮುದಾಯ ಭವನದಲ್ಲಿ ನಡೆಯಿತು. ನಡುಕದ ಘಟ್ಟವನ್ನು ಔಷಧಿಯಲ್ಲಿ ದಾಟಿದ ಮೇಲೆಯೇ ಹೋಗಬೇಕೆಂದು ನನ್ನ ವೈದ್ಯರು ಷರತ್ತು ಹಾಕಿದ್ದರು. ನಾನು ಭಜನೆಯ ಮನುಷ್ಯನಲ್ಲ. ಬೆಳಗಿನ ಯೋಗದಲ್ಲಿ ನನ್ನ ಮೊಣಕಾಲು ಬಗ್ಗಲೊಲ್ಲದು, ಭಾಷಣಗಳಲ್ಲಿ ಅರ್ಧಕ್ಕೆ ತೂಕಡಿಸಿದೆ. ನನಗೆ ತಾಗಿದ್ದು ರಾತ್ರಿಯ ಮಾತು. ಚಾಪೆ ಹಾಸಿಕೊಂಡು ಸಾಲಾಗಿ ಮಲಗಿದ ಗಾರೆ ಕೆಲಸದವರು, ಅಡಿಕೆ ಕೊಯ್ಯುವವರು, ಒಬ್ಬ ನಿವೃತ್ತ ಮೇಷ್ಟ್ರು, ಎಲ್ಲರೂ ಕತ್ತಲಲ್ಲಿ ಮಾಡಿನ ಕಡೆ ಮುಖ ಮಾಡಿ ತಮ್ಮ ತಮ್ಮದು ಹೇಳಿಕೊಳ್ಳುತ್ತಿದ್ದರು. ಬಾಟಲಿಯನ್ನು ಎಲ್ಲಿ ಬಚ್ಚಿಡುತ್ತಿದ್ದೆವು ಎಂಬ ವಿಷಯ ಬಂದಾಗ ನಕ್ಕು ನಕ್ಕು ಸ್ವಯಂಸೇವಕರು ಬಂದು ಗದರಿಸಬೇಕಾಯಿತು. ಮೇಷ್ಟ್ರು ಗ್ಲೋಬಿನೊಳಗೆ ಇಡುತ್ತಿದ್ದರಂತೆ.

ಶಿಬಿರದ ನಂತರ, ಶಿಬಿರ ಮುಗಿಸಿದವರದೇ ಆದ ನವಜೀವನ ಸಮಿತಿಯ ವಾರದ ಸಭೆ. ಅದಕ್ಕೆ ನಾನು ಇಂದಿಗೂ ಹೋಗುತ್ತೇನೆ. ಶಿವಮೊಗ್ಗಕ್ಕೆ ಬಟ್ಟೆ ತರಲು ಹೋದಾಗ ಆಲ್ಕೊಹಾಲಿಕ್ಸ್ ಅನಾನಿಮಸ್ ಸಭೆಯಲ್ಲೂ ಕುಳಿತಿದ್ದೇನೆ. 1935ರಲ್ಲಿ ಅಮೆರಿಕದ ಅಕ್ರನ್ ಎಂಬ ಊರಿನಲ್ಲಿ ಒಬ್ಬ ಷೇರು ದಲ್ಲಾಳಿ, ಒಬ್ಬ ಶಸ್ತ್ರವೈದ್ಯ, ಹೀಗೆ ಇಬ್ಬರು ಕುಡುಕರು ಸೇರಿ ಶುರುಮಾಡಿದ್ದು ಅದು. ಶುಲ್ಕವಿಲ್ಲ, ಪೂರ್ಣ ಹೆಸರು ಹೇಳಬೇಕಿಲ್ಲ, ನಡುವೆ ಯಾರೂ ಬಾಯಿ ಹಾಕುವುದಿಲ್ಲ. ಅಲ್ಲಿನ ಗುಟ್ಟು ದೊಡ್ಡ ಊರಿನವರಿಗೆ, ನೌಕರಿಯಲ್ಲಿರುವವರಿಗೆ ಬಹಳ ಒಳ್ಳೆಯದು. ನನ್ನಂಥವನಿಗೆ ಉಪಯೋಗಕ್ಕೆ ಬಂದದ್ದು ಮಾತ್ರ ಅದರ ತದ್ವಿರುದ್ಧ. ಗಾಂಧಿ ಜಯಂತಿಯಂದು ಪಾನಮುಕ್ತರೆಂದು ನಮ್ಮನ್ನು ವೇದಿಕೆ ಹತ್ತಿಸಿ ಶಾಲು ಹೊದಿಸಿದರು, ಫೋಟೊ ತೆಗೆದರು. ಎರಡು ದಿನ ನಾಚಿಕೆಯಿಂದ ಅಂಗಡಿಯ ಅರ್ಧ ಬಾಗಿಲು ಎಳೆದುಕೊಂಡೇ ಕುಳಿತಿದ್ದೆ. ಆದರೆ ತಾಲ್ಲೂಕು ಕೇಂದ್ರದಲ್ಲಿ ಟೈಲರ್ ಕುಡಿಯುತ್ತಿದ್ದುದು ಯಾರಿಗೆ ಗೊತ್ತಿರಲಿಲ್ಲ? ಬಿಟ್ಟದ್ದೂ ಗೊತ್ತಾಗಲಿ. ಆಮೇಲೆ ಹಳೆಯ ಗೆಳೆಯರು ಕರೆಯುವುದನ್ನು ಬಿಟ್ಟರು. ವೈನ್ ಶಾಪಿನ ಕ್ಯಾಷಿಯರ್ ತನ್ನ ಮದುವೆಯ ಸೂಟು ಹೊಲಿಸಲು ಬಂದಾಗ “ನೀವು ಈಗ ಆ ಕಡೆ ಬರುವುದಿಲ್ಲವಂತೆ” ಎಂದು ತುಸು ಗೌರವದಿಂದಲೇ ಕೇಳಿದ.

ಹೆಂಡತಿಯ ನಂಬಿಕೆ ಇದರಷ್ಟು ಬೇಗ ಬರಲಿಲ್ಲ. ನಾನು ತಡವಾಗಿ ಬಂದರೆ ಬಾಗಿಲಲ್ಲೇ ನಿಂತು ಮಾತಾಡಿಸುತ್ತಿದ್ದಳು. ಉಸಿರು ನೋಡಲಿಕ್ಕೆ ಎಂಬುದು ಇಬ್ಬರಿಗೂ ಗೊತ್ತಿತ್ತು. ನಾನು ಏಲಕ್ಕಿ ಜಗಿಯುವುದನ್ನೂ ಬಿಟ್ಟೆ, ಅದರ ವಾಸನೆ ಬಂದರೆ ಅವಳಿಗೆ ಹಳೆಯ ಅನುಮಾನ ಬರುತ್ತಿತ್ತು. ಕುಡಿತ ಬಿಟ್ಟವನಿಗೆ ಮನೆಯವರು ಕೂಡಲೇ ಹಾರ ಹಾಕಬೇಕೆಂಬ ಆಸೆಯಿರುತ್ತದೆ; ಅವರ ಲೆಕ್ಕದಲ್ಲಿ ಬಾಕಿ ಬಹಳ ಹಳೆಯದು. ಒಂದು ಸಲ ಅವಳ ಚೀಟಿ ಎದ್ದಿತ್ತು, ಅಂದು ಅವಳಿಗೆ ಜ್ವರ. ಯಾವ ಮಾತೂ ಆಡದೆ ಪಾಸ್‌ಬುಕ್ ಮತ್ತು ಕೈಚೀಲ ಕೊಟ್ಟು ಹಣ ತರಲು ನನ್ನನ್ನೇ ಕಳುಹಿಸಿದಳು. ತಂದುಕೊಟ್ಟಾಗ ಎಣಿಸಿದಳು. ಎರಡು ಸಲ ಎಣಿಸಿದಳು, ನಾನು ಎದುರಿಗೇ ಕುಳಿತಿದ್ದೆ. ಮುಂದಿನ ಚೀಟಿಯ ಹಣ ತಂದಾಗ ಎಣಿಸಲಿಲ್ಲ.

ಈಗ ಅಂಗಡಿಗೆ ಬಟ್ಟೆಯ ನೆಪದಲ್ಲಿ ಬೇರೆ ವಿಷಯ ಕೇಳುವವರೂ ಬರುತ್ತಾರೆ. ಹೆಚ್ಚಾಗಿ ಹೆಂಗಸರು, ಗಂಡನದೋ ಮಗನದೋ ಪ್ಯಾಂಟು ಹಿಡಿದುಕೊಂಡು. 2019ರಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ ಸಮೀಕ್ಷೆಯೊಂದು, ಮದ್ಯದ ದಾಸರಾದವರಲ್ಲಿ 38 ಜನರಿಗೆ ಒಬ್ಬರಷ್ಟೇ ಯಾವುದಾದರೂ ಚಿಕಿತ್ಸೆ ಪಡೆದಿದ್ದಾರೆ ಎಂದು ಹೇಳಿತ್ತು. ನಮ್ಮ ಬೀದಿಯಲ್ಲಿ ನಿಂತು ಎಣಿಸಿದರೆ ಅದು ಸುಳ್ಳೆನಿಸುವುದಿಲ್ಲ. ಬಂದವರಿಗೆ ನಾನು ಹೇಳುವುದು ಇಷ್ಟೇ: ದಿನವೂ ಕುಡಿಯುವವನಾದರೆ ಒಮ್ಮೆಲೇ ಬಿಡಿಸಬೇಡಿ, ಮೊದಲು ಮಂಗಳವಾರ ಆಸ್ಪತ್ರೆಗೆ ಕರೆತನ್ನಿ. ಅವನು ಬರಲೊಲ್ಲದಿದ್ದರೆ ನೀವೇ ಬಂದು ಮಾತಾಡಿ. ರಾತ್ರಿ ಹೊತ್ತಿನಲ್ಲಿ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ, ನಾನೂ ಒಮ್ಮೆ ಮಾಡಿದ್ದೇನೆ. ಸಾರಿನಲ್ಲಿ ಏನನ್ನೂ ಬೆರೆಸಬೇಡಿ. ಕೆಲವರು ಹೋಗುತ್ತಾರೆ. ಕೆಲವರು ಸೊಂಟದ ಅಳತೆ ಕೊಟ್ಟು ಸುಮ್ಮನೆ ಹಿಂತಿರುಗುತ್ತಾರೆ.

ವರ್ಷದಲ್ಲಿ ನನಗೆ ಇನ್ನೂ ಕಷ್ಟವಾಗುವ ದಿನವೆಂದರೆ ಯುಗಾದಿಯ ಮರುದಿನದ ಹೊಸತೊಡಕು. ಇಡೀ ಬಳಗ ಬಾಡೂಟಕ್ಕೆ ಸೇರುತ್ತದೆ, ಮಧ್ಯಾಹ್ನಕ್ಕೇ ಬಾಟಲಿ ಬಿಚ್ಚುತ್ತಾರೆ, ಭಾವನೇ ಮುಂದಾಳು. ಹೋಗದಿದ್ದರೆ ಬೇಸರ, ಹೋದರೆ ಆ ವಾಸನೆ. ಪುಣ್ಯಕ್ಕೆ 2024ರಲ್ಲಿ ರಂಜಾನ್ ಹಬ್ಬ ಯುಗಾದಿಯ ಬೆನ್ನಿಗೇ ಬಂತು. ಹಬ್ಬಕ್ಕೆ ಪಠಾಣಿ, ಕುರ್ತಾ, ಮಕ್ಕಳ ಶೇರ್ವಾನಿ ಹೊಲಿಸುವವರ ಗದ್ದಲ ಹೇಗಿರುತ್ತದೆ ಎಂಬುದು ಟೈಲರಿಗಷ್ಟೇ ಗೊತ್ತು. ಬಳಗದವರು ಅಲ್ಲಿ ಎಲೆ ಹಾಕುವ ಹೊತ್ತಿಗೆ ನಾನು ಇಲ್ಲಿ ಗುಂಡಿ ಹಾಕುತ್ತಿದ್ದೆ. ಯಾರೂ ಬೇಸರ ಮಾಡಿಕೊಳ್ಳಲಿಲ್ಲ, ದುಡಿಮೆಯ ಕಾಲ ಎಂದು ಬಿಟ್ಟರು. ಗಿರಾಕಿಗಳ ಮನೆಯಿಂದ ಬಂದ ಸುರ್‌ಕುಂಬಾ ಮನೆಯವರೆಲ್ಲ ಕುಡಿದೆವು. ಆದರೆ ರಂಜಾನ್ ಪ್ರತಿ ವರ್ಷ ಹತ್ತು ಹನ್ನೊಂದು ದಿನ ಮುಂಚೆ ಬರುತ್ತ ಹೋಗುತ್ತದೆ. 2027ರಲ್ಲಿ ಅದು ಮಾರ್ಚಿಗೇ ಮುಗಿದಿರುತ್ತದೆ, ಯುಗಾದಿ ಏಪ್ರಿಲ್‌ನಲ್ಲಿ. ಆ ಹೊಸತೊಡಕಿಗೆ ಕೈಯಲ್ಲಿ ಬಟ್ಟೆ ಇರುವುದಿಲ್ಲ. ಹೆಂಡತಿ ಈಗಲೇ ಶೃಂಗೇರಿಯ ಬಸ್ಸಿನ ವೇಳೆ ವಿಚಾರಿಸಿಟ್ಟಿದ್ದಾಳೆ. ಭಾವನಿಗೆ ಏನು ಹೇಳುವುದೆಂದು ಮಾತ್ರ ಇನ್ನೂ ತೀರ್ಮಾನವಾಗಿಲ್ಲ.